ವಿಷವನ್ನೇ ಜೀರ್ಣಿಸಿಕೊಂಡ ಸೊಳ್ಳೆ

ಮನೆಯ ಗೋಡೆಗಳಿಗೆ ಡಿಡಿಟಿ ಹೊಡೆಯಲು ಸರಕಾರದ ನೌಕರರು ಬರುತ್ತಿದ್ದ ದಿನಗಳನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಪಾತ್ರೆ, ಹಾಸಿಗೆ, ಧಾನ್ಯದ ಚೀಲಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು. ಮೊದಮೊದಲು ಸೊಳ್ಳೆ, ನೊಣ, ತಿಗಣೆ ಎಲ್ಲವೂ ಸತ್ತವು. ಕೆಲವು ವರ್ಷ ಕಳೆದ ಮೇಲೆ ಗೋಡೆಯ ಬಿಳಿ ಕಲೆ ಹಾಗೆಯೇ ಇರುತ್ತಿತ್ತು, ಅದರ ಮೇಲೆ ಸೊಳ್ಳೆಯೂ ನೆಮ್ಮದಿಯಾಗಿ ಕುಳಿತಿರುತ್ತಿತ್ತು. ಔಷಧಿಗೆ ನೀರು ಬೆರೆಸಿದ್ದಾರೆಂದು ಜನ ನೌಕರರನ್ನು ಬೈದರು. ಕೆಲವೆಡೆ ಅದು ನಿಜವೂ ಇದ್ದೀತು. ಆದರೆ ಬದಲಾದದ್ದು ಔಷಧಿಯಷ್ಟೇ ಅಲ್ಲ, ಸೊಳ್ಳೆಯೂ ಬದಲಾಗಿತ್ತು.

ಡಿಡಿಟಿಗೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂದು 1939ರಲ್ಲಿ ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ಪೌಲ್ ಮ್ಯೂಲರ್. 1948ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಭಾರತದ ಹಳ್ಳಿಗಳಲ್ಲಿ ಅದರ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದು ಕನ್ನಡ ನೆಲದಲ್ಲೇ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರಲ್ಲಿ ಸಿಂಪಡಣೆ ಆರಂಭವಾಯಿತು. ಮಲೇರಿಯಾಕ್ಕೆ ಹೆದರಿ ಬದುಕುತ್ತಿದ್ದ ಆ ಕಾಡಂಚಿನ ಊರುಗಳಿಗೆ ಅದೊಂದು ಬಿಡುಗಡೆಯೇ ಆಗಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. 1958ರಲ್ಲಿ ‘ನಿಯಂತ್ರಣ’ ಹೋಗಿ ‘ನಿರ್ಮೂಲನ’ ಎಂದಾಯಿತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1965ರಲ್ಲಿ ರೋಗಿಗಳ ಸಂಖ್ಯೆ ಒಂದು ಲಕ್ಷದಷ್ಟಕ್ಕೆ ಇಳಿಯಿತು. ಡಿಡಿಟಿಯನ್ನು ದೂರುವಾಗ ಈ ಲೆಕ್ಕವನ್ನು ನಾವು ಮರೆಯಬಾರದು.

ಆದರೆ 1976ರಲ್ಲಿ ಅದೇ ಸಂಖ್ಯೆ 64 ಲಕ್ಷ ದಾಟಿತು. ಔಷಧಿಯ ಕೊರತೆ, ಆಡಳಿತದ ಉದಾಸೀನ, ಕ್ಲೋರೋಕ್ವಿನ್‌ಗೆ ಬಗ್ಗದ ರೋಗಾಣು ಎಲ್ಲವೂ ಇದಕ್ಕೆ ಕಾರಣ. ಸೊಳ್ಳೆಯ ನಿರೋಧಶಕ್ತಿಯೂ ಆ ಸಾಲಿನಲ್ಲಿತ್ತು. ಅದಕ್ಕೆ ಮುನ್ನೆಚ್ಚರಿಕೆ ಇರಲಿಲ್ಲವೆಂದೂ ಅಲ್ಲ. ಕೀಟಗಳು ಸಿಂಪಡಣೆಗೆ ಜಗ್ಗದಂತಾಗಬಲ್ಲವೇ ಎಂದು ಅಮೆರಿಕದ ಮೆಲಾಂಡರ್ 1914ರಲ್ಲೇ ಕೇಳಿದ್ದರು. ಸ್ವೀಡನ್ನಿನ ಮನೆನೊಣಗಳು 1946ರಲ್ಲೇ ಡಿಡಿಟಿಯನ್ನು ಲೆಕ್ಕಿಸದಂತಾಗಿದ್ದವು. ಧಾರವಾಡದಲ್ಲಿ ಪಂಪು ಹಿಡಿದ ವರ್ಷವೂ ಅದೇ!

ಈ ಶಕ್ತಿಯನ್ನು ಕೀಟಗಳು ಎಲ್ಲಿಂದ ತಂದವು? ಕೀಟ ಏನನ್ನೂ ಕಲಿಯಲಿಲ್ಲ. ಲಕ್ಷ ಸೊಳ್ಳೆಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ವಿಷವನ್ನು ಮುರಿಯುವ ಸಾಮರ್ಥ್ಯ ಮೊದಲೇ ಇತ್ತು. ಉಳಿದವು ಸತ್ತದ್ದರಿಂದ ಈ ಕೆಲವರ ಸಂತಾನವೇ ಊರು ತುಂಬಿತು. ಗಿಡಗಳು ತಮ್ಮ ರಕ್ಷಣೆಗೆ ವಿಷ ತಯಾರಿಸುತ್ತವೆ. ತಂಬಾಕಿನ ನಿಕೋಟಿನ್ ಅಂಥದ್ದೇ. ಆ ಎಲೆ ತಿಂದು ಬದುಕುವ ಕೀಟಗಳ ಮೈಯಲ್ಲಿ ವಿಷ ಇಳಿಸುವ ಕಿಣ್ವಗಳು ಕೋಟ್ಯಂತರ ವರ್ಷಗಳಿಂದ ಇವೆ. ಅವುಗಳಲ್ಲಿ ಮೂರು ಮನೆತನಗಳು ಮುಖ್ಯ: ಪಿ-450, ಎಸ್ಟರೇಸ್, ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್. ಪಿ-450 ನಮ್ಮ ಯಕೃತ್ತಿನಲ್ಲೂ ಇದೆ, ನಾವು ನುಂಗುವ ಮಾತ್ರೆಗಳನ್ನು ಕರಗಿಸುವುದು ಅದೇ. ನೊಣಗಳಲ್ಲಿ ಮೂರನೆಯ ಮನೆತನದ ಕಿಣ್ವ ಡಿಡಿಟಿಯಿಂದ ಒಂದು ಹೈಡ್ರೋಜನ್, ಒಂದು ಕ್ಲೋರಿನ್ ಪರಮಾಣುವನ್ನು ಕಿತ್ತು ಅದನ್ನು ಡಿಡಿಇ ಆಗಿಸುತ್ತದೆ. ಡಿಡಿಇ ನೊಣವನ್ನು ಕೊಲ್ಲಲಾರದು.

ಕಿಣ್ವ ಇದ್ದರೆ ಸಾಲದು, ಹೆಚ್ಚು ಬೇಕು. ಇಲ್ಲಿ ವಂಶವಾಹಿಗಳ ಚಮತ್ಕಾರ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಒಂದು ಕ್ಯೂಲೆಕ್ಸ್ ಸೊಳ್ಳೆ ತಳಿಯಲ್ಲಿ ಎಸ್ಟರೇಸ್ ವಂಶವಾಹಿಯ ಒಂದು ಪ್ರತಿಯ ಬದಲು 250ರಷ್ಟು ಪ್ರತಿಗಳಿದ್ದುದನ್ನು ವಿಜ್ಞಾನಿಗಳು 1986ರಲ್ಲಿ ಕಂಡರು. ಹೀಗೆ ಪ್ರತಿಗಳು ಹೆಚ್ಚಿದ ಎಸ್ಟರೇಸ್ ವಂಶವಾಹಿ ಒಂದು ಕಡೆ ಹುಟ್ಟಿ ಖಂಡಗಳನ್ನು ದಾಟಿದೆಯೆಂದು 1991ರಲ್ಲಿ ತಿಳಿಯಿತು. ಹಡಗು, ವಿಮಾನಗಳಿಗೆ ಟಿಕೆಟ್ಟಿಲ್ಲದೆ ಹತ್ತುವವರು ಇವರು! ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲಿ ಸೊಳ್ಳೆಯ ಉಪಮೆ ಬರುವುದನ್ನು ಓದುಗರು ಬಲ್ಲರು. ಅಷ್ಟು ಸಣ್ಣ ಜೀವಿಯನ್ನು ಕ್ಷುಲ್ಲಕವೆಂದು ಬಗೆದವರು ಯಾರೆಂಬುದು ಈಗ ಹೇಳಬೇಕಿಲ್ಲ.

ಹೊಲದಲ್ಲಿ ಇದರ ಬೆಲೆ ತೆತ್ತವನು ರೈತ. ಹತ್ತಿ, ತೊಗರಿಯ ಕಾಯಿಕೊರಕ ಹುಳು ಪೈರೆಥ್ರಾಯ್ಡ್ ಔಷಧಿಗಳಿಗೆ ಜಗ್ಗದೆ 1987ರಲ್ಲಿ ಆಂಧ್ರದ ಕರಾವಳಿಯ ಹತ್ತಿ ಬೆಳೆಯನ್ನು ನುಂಗಿತು. 1997-98ರಲ್ಲಿ ಬೀದರ್, ಕಲಬುರಗಿ ಸೀಮೆಯ ತೊಗರಿಯೂ ಅದರ ಬಾಯಿಗೆ ಬಿತ್ತು. ಬೀದರಿನ ರೈತರ ಆತ್ಮಹತ್ಯೆಗಳು ಆ ಸಂಕಟದ ಜೊತೆಗೆ ಸಾಲದ ಕಥೆಯೂ ಹೌದು. ಔಷಧಿ ನಾಟದಿದ್ದಾಗ ಅಂಗಡಿಯವನ ಮಾತಿನಂತೆ ಎರಡು, ಮೂರು ಬೆರೆಸಿ ಹೊಡೆದ ರೈತ ತಿಳಿಯದೆ ಗಟ್ಟಿ ಹುಳುಗಳನ್ನೇ ಆರಿಸಿ ಸಾಕಿದಂತಾಯಿತು. ದುಡ್ಡು ಮಾತ್ರ ಅವನದು. ಇದೇ ಹುಳುವಿನ ಆಸ್ಟ್ರೇಲಿಯದ ತಳಿಯೊಂದರಲ್ಲಿ ಅಕ್ಕಪಕ್ಕದ ಎರಡು ಪಿ-450 ವಂಶವಾಹಿಗಳು ಕೂಡಿ ಮೂರನೆಯದೊಂದಾಗಿ, ಫೆನ್ವಲರೇಟ್ ವಿಷವನ್ನು ಮುರಿಯತೊಡಗಿದ್ದು 2012ರಲ್ಲಿ ಬೆಳಕಿಗೆ ಬಂತು.

ಭಾರತದ ಕೃಷಿಯಲ್ಲಿ ಡಿಡಿಟಿ 1989ರಲ್ಲಿ ನಿಷೇಧಗೊಂಡಿತು. ಮಲೇರಿಯಾ ತಡೆಯಲು ಪೈರೆಥ್ರಾಯ್ಡ್ ಲೇಪಿಸಿದ ಸೊಳ್ಳೆಪರದೆಗಳು ಬಂದವು. ಸೊಳ್ಳೆ ಅದಕ್ಕೂ ಒಗ್ಗಿತು. ಎಳ್ಳೆಣ್ಣೆ ಬೆರೆಸಿದರೆ ಸೇವಂತಿಗೆ ಜಾತಿಯ ಹೂವಿನ ಕೀಟನಾಶಕದ ಬಲ ಹೆಚ್ಚುತ್ತದೆಂದು 1940ರಲ್ಲಿ ತಿಳಿದಿತ್ತು. ಆ ಜಾಡಿನಲ್ಲಿ ಹುಟ್ಟಿದ ಪಿಪೆರೊನಿಲ್ ಬ್ಯುಟಾಕ್ಸೈಡ್ ಸೊಳ್ಳೆಯ ಪಿ-450 ಕಿಣ್ವದ ಕೈಕಟ್ಟುತ್ತದೆ. ಅದನ್ನು ಸೇರಿಸಿದ ಪರದೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟಿತು. ಡಿಡಿಟಿಯನ್ನು ಮುರಿಯುವ ಆ ಮೂರನೆಯ ಮನೆತನದ ಮೇಲೆ ಮಾತ್ರ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ.