ಮೊದಲ ಲಸಿಕೆ ಯಾರಿಗೆ?

2021ರ ಜನವರಿ 16ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಕೋವಿಡ್ ಲಸಿಕೆಗೆ ಮೊದಲು ತೋಳೊಡ್ಡಿದವರು ಮಂತ್ರಿಯಲ್ಲ, ಹೆಸರಾಂತ ವೈದ್ಯರೂ ಅಲ್ಲ. ಅಲ್ಲಿನ ಒಬ್ಬ ಸ್ವಚ್ಛತಾ ಕಾರ್ಮಿಕ. ದೇಶದ ಜನಸಂಖ್ಯೆ 130 ಕೋಟಿಗೂ ಮಿಗಿಲು. ಆರಂಭಕ್ಕೆ ಕೇಂದ್ರ ಸರ್ಕಾರ ಖರೀದಿಸಿದ್ದ ಲಸಿಕೆ 1.65 ಕೋಟಿ ಡೋಸು ಮಾತ್ರ. ಇದ್ದ ಲಸಿಕೆಯನ್ನು ಯಾರಿಗೆ ಮೊದಲು ಕೊಡಬೇಕು ಎಂಬ ಪ್ರಶ್ನೆಗೆ ಔಷಧ ವಿಜ್ಞಾನವೊಂದೇ ಉತ್ತರ ಹೇಳಲಾರದು.

ಈ ಪ್ರಶ್ನೆಯನ್ನು ಎಲ್ಲ ದೇಶಗಳೂ ಎದುರಿಸಿದವು. ಉತ್ತರ ಮಾತ್ರ ಒಂದೇ ಆಗಿರಲಿಲ್ಲ. ಬ್ರಿಟನ್ 2020ರ ಡಿಸೆಂಬರ್ 8ರಂದು ಲಸಿಕೆ ಆರಂಭಿಸಿದಾಗ 80 ದಾಟಿದ ವೃದ್ಧರನ್ನೂ ವೃದ್ಧಾಶ್ರಮಗಳಲ್ಲಿ ಇರುವವರನ್ನೂ ಮುಂದೆ ನಿಲ್ಲಿಸಿತು. ಸಾವಿನ ಭಯ ಯಾರಿಗೆ ಹೆಚ್ಚೋ ಅವರಿಗೆ ಮೊದಲ ಪಾಲು ಎಂಬುದು ಅದರ ತರ್ಕ. ಇಂಡೊನೇಷ್ಯಾ ಆರೋಗ್ಯ ಸಿಬ್ಬಂದಿಯ ಜೊತೆಗೆ 18ರಿಂದ 59ರ ವಯಸ್ಸಿನ ದುಡಿಯುವವರಿಗೆ ಆದ್ಯತೆ ನೀಡಿತು. ಹೊರಗೆ ಓಡಾಡಿ ಮನೆಗೆ ಸೋಂಕು ತರುವವರನ್ನು ತಡೆದರೆ ಮನೆಯ ಹಿರಿಯರೂ ಉಳಿದಾರು ಎಂಬುದು ಅಲ್ಲಿನ ಎಣಿಕೆ.

ಭಾರತ ಮೊದಲಿಗೆ ಗುರುತಿಸಿದ್ದು 30 ಕೋಟಿ ಜನರನ್ನು. ಅವರಲ್ಲಿ ಒಂದು ಕೋಟಿ ಆರೋಗ್ಯ ಕಾರ್ಯಕರ್ತರು. ಪೊಲೀಸರು, ಪೌರಕಾರ್ಮಿಕರು ಮುಂತಾದ ಮುಂಚೂಣಿಯ ಎರಡು ಕೋಟಿ ಜನ. ಉಳಿದ 27 ಕೋಟಿ, 50 ದಾಟಿದವರು ಮತ್ತು ಅದಕ್ಕಿಂತ ಕಿರಿಯರಾದರೂ ಗಂಭೀರ ಕಾಯಿಲೆಯುಳ್ಳವರು. ಆಚರಣೆಗೆ ಬಂದಾಗ ವಯೋಮಿತಿ ಬದಲಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೂ ಕಾಯಿಲೆಯುಳ್ಳ 45 ದಾಟಿದವರಿಗೂ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಅವಕಾಶ ದೊರೆಯಿತು.

ಎರಡನೇ ಅಲೆ ಉಗ್ರವಾಗಿದ್ದಾಗ, ಮೇ 1ರಂದು, 18 ದಾಟಿದವರೆಲ್ಲರಿಗೂ ಬಾಗಿಲು ತೆರೆಯಿತು. ಆದರೆ ಒಳಗೆ ಲಸಿಕೆಯೇ ಇರಲಿಲ್ಲ. 18ರಿಂದ 44 ವಯಸ್ಸಿನವರ ಲಸಿಕೆಯನ್ನು ರಾಜ್ಯಗಳು ಮತ್ತು ಖಾಸಗಿ ಆಸ್ಪತ್ರೆಗಳು ತಾವೇ ಕೊಳ್ಳಬೇಕಾಯಿತು. ಕೇಂದ್ರಕ್ಕೆ 150 ರೂಪಾಯಿಗೆ ದೊರೆಯುತ್ತಿದ್ದ ಕೋವಿಶೀಲ್ಡ್ ರಾಜ್ಯಗಳಿಗೆ 300, ಖಾಸಗಿ ಆಸ್ಪತ್ರೆಗಳಿಗೆ 600 ರೂಪಾಯಿ. ಈ ವಯಸ್ಸಿನವರು ಮೊದಲಿಗೆ ಕೋವಿನ್‌ನಲ್ಲಿ ಆನ್‌ಲೈನ್ ನೋಂದಣಿ ಮಾಡಿಕೊಳ್ಳುವುದೂ ಕಡ್ಡಾಯವಾಗಿತ್ತು. ಸ್ಮಾರ್ಟ್‌ಫೋನ್ ಇಲ್ಲದ ಕೂಲಿಯಾಳು ಸಾಲು ನಿಲ್ಲುವ ಮೊದಲೇ ಹಿಂದೆ ಬಿದ್ದಿದ್ದ.

ಕರ್ನಾಟಕದಲ್ಲಿ 45 ದಾಟಿದ ಅನೇಕರು ಎರಡನೇ ಡೋಸಿಗೆ ಕಾಯುತ್ತಿದ್ದರು. ಮೇ 14ರಿಂದ ರಾಜ್ಯ ಸರ್ಕಾರ ಕಿರಿಯರ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಇದ್ದ ದಾಸ್ತಾನನ್ನು ಅವರಿಗೆ ಮೀಸಲಿಟ್ಟಿತು. ಮೇ 22ರಿಂದ ಕಿರಿಯರಿಗೆ ಮತ್ತೆ ಆರಂಭಿಸಿದಾಗ ಹೊಸ ಆದ್ಯತಾ ಪಟ್ಟಿ ಕೈಯಲ್ಲಿತ್ತು. ಅಂಗವಿಕಲರು, ಕೈದಿಗಳು, ಸ್ಮಶಾನ ಸಿಬ್ಬಂದಿ, ಆಟೊ ಚಾಲಕರು, ಬೀದಿ ವ್ಯಾಪಾರಿಗಳು ಅದರಲ್ಲಿದ್ದರು. ಹೆಣ ಸುಡುವವನಿಗೂ ಸೋಂಕಿನ ಅಪಾಯವುಂಟು ಎಂದು ಸರ್ಕಾರಿ ಕಾಗದ ಒಪ್ಪಿಕೊಳ್ಳುವ ವೇಳೆಗೆ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಾಗಿತ್ತು.

18ರಿಂದ 44ರವರಿಗೆ ಹಣ ಕೊಟ್ಟು ಲಸಿಕೆ ಎಂಬ ಕೇಂದ್ರದ ನೀತಿ ಮೇಲ್ನೋಟಕ್ಕೆ ಸ್ವೇಚ್ಛೆಯದು, ತರ್ಕಹೀನ ಎಂದು ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ ಹೇಳಿತು. ಜೂನ್ 21ರಿಂದ ಕೇಂದ್ರವೇ ಶೇ 75ರಷ್ಟು ಲಸಿಕೆ ಖರೀದಿಸಿ ಉಚಿತವಾಗಿ ರಾಜ್ಯಗಳಿಗೆ ಹಂಚತೊಡಗಿತು.

2022ರ ಜನವರಿ 10ರಂದು ಮುನ್ನೆಚ್ಚರಿಕೆ ಡೋಸ್ ಬಂದಾಗ ದೇಶ ಮತ್ತೆ ಹಳೆಯ ಕ್ರಮಕ್ಕೇ ಮರಳಿತು: ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ, ಕಾಯಿಲೆಯುಳ್ಳ ಹಿರಿಯರು. ಕೊರತೆಯ ಕಾಲದಲ್ಲಿ ಸಾಲಿನ ಕ್ರಮವನ್ನು ಯಾರಾದರೂ ನಿರ್ಧರಿಸಲೇಬೇಕು. ಸರ್ಕಾರ ಆ ಹೊಣೆಯನ್ನು ಕೈಬಿಟ್ಟರೆ ಹಣವೂ ಫೋನೂ ಅದನ್ನು ನಿರ್ಧರಿಸುತ್ತವೆ ಎಂಬುದನ್ನು 2021ರ ಮೇ ತಿಂಗಳು ತೋರಿಸಿಕೊಟ್ಟಿತು.