ಆರ್ಮೇನಿಯಾ ದೇಶದ ಗ್ರಾಮನಾಮಗಳು

ಒಂದು ದೇಶದ ಪೂರ್ವಚರಿತ್ರೆಯನ್ನು ತಿಳಿಯಬಯಸುವವರಿಗೆ ಶಿಲಾಶಾಸನ, ತಾಮ್ರಪಟ, ಗ್ರಂಥ ಇವು ಮುಖ್ಯವಾದ ಸಾಧನಗಳೆಂಬುದು ಸರ್ವವಿದಿತವಾದುದು. ಆದರೆ ಶಾಸನವಿಲ್ಲದ ಊರುಗಳು ಅನೇಕವಾಗಿರುವುವು; ಹೆಸರಿಲ್ಲದ ಊರು ಒಂದೂ ಇಲ್ಲ. ಆದಕಾರಣ ಗ್ರಾಮನಾಮವನ್ನು ಅತ್ಯಂತ ಸಂಕ್ಷಿಪ್ತವಾದ ಶಾಸನವೆಂದು ಕರೆದರೆ ತಪ್ಪಾಗಲಾರದು. ಈ ಶಾಸನವನ್ನು ಓದುವ ಕ್ರಮವೇನು, ಅದು ಅಳಿಸಿಹೋದರೆ ಆಗುವ ನಷ್ಟವೇನು ಎಂಬುದನ್ನು ಆರ್ಮೇನಿಯಾ ದೇಶದ ಹಳ್ಳಿಗಳ ದೃಷ್ಟಾಂತದಿಂದ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಆರ್ಮೇನಿಯಾ ಇಂದು ಸುಮಾರು 29,700 ಚದರ ಕಿಲೋಮೀಟರು ವಿಸ್ತಾರವುಳ್ಳ, ಬೆಟ್ಟಗಳಿಂದ ತುಂಬಿದ ಸಣ್ಣ ರಾಜ್ಯ. ಆರ್ಮೇನಿಯರ ಪುರಾತನ ನೆಲೆಯು ಇದಕ್ಕಿಂತ ಬಹಳ ವಿಶಾಲವಾಗಿದ್ದು, ಈಗಿನ ತುರ್ಕಿ ದೇಶದ ಪೂರ್ವಭಾಗವನ್ನೂ ಒಳಗೊಂಡಿತ್ತು. ಅವರ ಭಾಷೆಯನ್ನು ಬಹುಕಾಲ ಇರಾಣೀ ಭಾಷೆಗಳ ಗುಂಪಿಗೆ ಸೇರಿಸುತ್ತಿದ್ದರು. 1875ರಲ್ಲಿ ಹ್ಯೂಬ್‌ಶ್‌ಮಾನ್ ಎಂಬ ಜರ್ಮನ್ ಪಂಡಿತನು ಅದು ಆರ್ಯಭಾಷಾಕುಟುಂಬದಲ್ಲಿ ಪ್ರತ್ಯೇಕವಾದ ಒಂದು ಶಾಖೆಯೆಂದು ಸಿದ್ಧಪಡಿಸಿದನು. ಅವನೇ 1904ರಲ್ಲಿ ಪ್ರಾಚೀನ ಆರ್ಮೇನಿಯಾದ ಸ್ಥಳನಾಮಗಳನ್ನು ಕುರಿತು ಒಂದು ಪ್ರೌಢಗ್ರಂಥವನ್ನೂ ರಚಿಸಿದನು.

ಮೊದಲು ಈ ಹೆಸರುಗಳ ಉತ್ತರಪದಗಳನ್ನು ನೋಡೋಣ. ‘ಶೇನ್’, ‘ಅವಾನ್’, ‘ಕೆರ್ತ್’ ಎಂಬುವು ಹೆಚ್ಚಾಗಿ ಬರುವುವು. ಸೆವಾನ್ ಸರೋವರದ ಸಮೀಪದಲ್ಲಿರುವ ಗೆತಾಶೇನ್ ಎಂಬ ಹೆಸರಿನಲ್ಲಿ ‘ಗೆತ್’ ಎಂದರೆ ನದಿ, ‘ಶೇನ್’ ಎಂದರೆ ಜನರು ನೆಲೆಸಿ ಕಟ್ಟಿದ ಊರು. ಈ ಪದವನ್ನು ಅವೆಸ್ತಾದ ‘ಶಯನ’ ಶಬ್ದದೊಡನೆ ಹೋಲಿಸುವರು. ಇದನ್ನು ಮಲಗುವುದೆಂಬ ಅರ್ಥದ ನಮ್ಮ ‘ಶಯನ’ದೊಡನೆ ಬೆರಸಬಾರದು, ಅದಕ್ಕೆ ಸಂವಾದಿಯಾದುದು ನಿವಾಸಾರ್ಥಕವಾದ ‘ಕ್ಷಿ’ ಧಾತು. ‘ಕ್ಷಯ’ ಶಬ್ದವು ನಿವಾಸವೆಂಬ ಅರ್ಥದಲ್ಲಿ ಆದ್ಯುದಾತ್ತವಾಗುವುದೆಂದು ಪಾಣಿನಿಯು ವಿಧಿಸಿರುವುದು ವಾಚಕರಿಗೆ ತಿಳಿದೇ ಇರುವುದು. ಸ್ವರ ಮಾತ್ರ ಬದಲಾದರೆ ಅದೇ ಶಬ್ದವು ನಾಶವೆಂಬ ಅರ್ಥವನ್ನು ಕೊಡುವುದು. ‘ಕೆರ್ತ್’ ಎಂಬುದು ನಮ್ಮ ‘ಕೃತ’ ಶಬ್ದಕ್ಕೆ ಸಮನಾದುದು. ತಿಗ್ರಾನ್ ಎಂಬ ದೊರೆಯು ಮಾಡಿಸಿದ ಪಟ್ಟಣವೇ ತಿಗ್ರಾನಕೆರ್ತ್. ‘ಅವಾನ್’ ಎಂಬುದು ಪ್ರಾಚೀನ ಪಾರಸಿಕದ ‘ಆವಹನ’ದಿಂದ ಬಂದುದು, ಅಲ್ಲಿಯೂ ನಮ್ಮ ‘ಆವಸಥ’ದಲ್ಲಿಯೂ ಇರುವ ಧಾತು ಒಂದೇ, ‘ವಸ್’.

ಇಷ್ಟು ಸಾಮ್ಯವನ್ನು ಕಂಡೊಡನೆ ಈ ಪದಗಳು ಸಂಸ್ಕೃತದಿಂದಲೇ ಅಲ್ಲಿಗೆ ಹೋದುವೆಂದು ಹೇಳುವ ಚಾಪಲ್ಯ ನಮ್ಮಂಥವರಲ್ಲಿ ಉಂಟಾಗುವುದು ಸಹಜ. ಅದು ಯುಕ್ತವಲ್ಲ. ಮೇಲಿನ ಮೂರೂ ಇರಾಣೀ ಭಾಷೆಗಳಿಂದ ಆರ್ಮೇನಿಯರು ತೆಗೆದುಕೊಂಡುವು. ಆದರೆ ಮನೆಯೆಂಬರ್ಥದ ‘ತುನ್’, ಹೊಸದೆಂಬರ್ಥದ ‘ನೋರ್’ ಇವು ಎರವಲಲ್ಲ. ಮೂಲಭಾಷೆಯಿಂದ ದಾಯರೂಪವಾಗಿ ಬಂದುವು. ಮೊದಲನೆಯದು ವೇದದ ‘ದಮ’ಕ್ಕೂ ಎರಡನೆಯದು ‘ನವ’ಕ್ಕೂ ಸೋದರಪದಗಳು. ಹಳ್ಳಿಯ ಮುಖ್ಯಸ್ಥನನ್ನು ಅಲ್ಲಿ ‘ತನುತೇರ್’, ಎಂದರೆ ಮನೆಯೊಡೆಯ, ಎಂದು ಕರೆಯುತ್ತಿದ್ದರು. ವೇದದಲ್ಲಿ ಗೃಹಪತಿಯೆಂಬ ಅರ್ಥದಲ್ಲಿ ಬರುವ ‘ದಂಪತಿ’ ಶಬ್ದವನ್ನು ಇದರೊಡನೆ ಹೋಲಿಸಿ ನೋಡಬಹುದು.

ಇನ್ನು ಸ್ಥಳಪುರಾಣಗಳ ವಿಚಾರ. ಆರ್ಮೇನಿಯರ ಚರಿತ್ರಪಿತಾಮಹನೆನಿಸಿದ ಮೋವ್ಸೆಸ್ ಖೊರೆನಾತ್ಸಿಯು ಐದನೆಯ ಶತಮಾನದವನೆಂದು ಪರಂಪರೆಯು ಹೇಳುವುದು. ಅವನ ಕಾಲವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಮೂಲಪುರುಷನಾದ ಹಾಯ್ಕನು ಹಾಯ್ಕಶೇನ್ ಎಂಬ ಗ್ರಾಮವನ್ನೂ, ಅವನ ವಂಶಜನಾದ ಅರಮಾಯಿಸನು ಅರ್ಮವೀರ್ ನಗರವನ್ನೂ ಕಟ್ಟಿದರೆಂದು ಅವನು ಬರೆದಿರುವನು. ಆದರೆ ಅರ್ಮವೀರದ ದಿಬ್ಬಗಳ ಬಳಿ ದೊರೆತ ಶರಶಾಸನಗಳು ಅಲ್ಲಿ ಕ್ರಿ. ಪೂ. 776ರ ಸುಮಾರಿಗೆ ಉರಾರ್ತು ದೊರೆಯಾದ ಅರ್ಗಿಷ್ಟಿಯು ಅರ್ಗಿಷ್ಟಿಹಿನಿಲಿ ಎಂಬ ಪಟ್ಟಣವನ್ನು ಸ್ಥಾಪಿಸಿದನೆಂದು ತಿಳಿಸುವುವು. ಹೀಗೆ ಪುರಾಣವೊಂದು, ಶಾಸನವೊಂದು ಹೇಳಿದರೂ ಖೊರೆನಾತ್ಸಿಯನ್ನು ಹಾಸ್ಯಮಾಡಬೇಕಾದುದಿಲ್ಲ. ಹೆಸರಿಗೊಂದು ಅರ್ಥವಿರಲೇಬೇಕೆಂಬುದು ಯಾಸ್ಕನಿಗೂ ಸಮ್ಮತವಾದ ನಂಬಿಕೆ. ಅದೇ ನಂಬಿಕೆಯಿಂದ ಅವನು ಆ ಹೆಸರುಗಳನ್ನು ಸಂಗ್ರಹಿಸಿ ನಮಗೆ ಉಳಿಸಿರುವನು.

ಈ ಜನರು ನೆಲವನ್ನು ಬಿಡಬೇಕಾಗಿ ಬಂದಾಗ ಹೆಸರನ್ನು ಕೊಂಡೊಯ್ದರೆಂಬುದು ಮತ್ತೊಂದು ವಿಶೇಷ. ಅರಾಸ್ ನದಿಯ ತೀರದ ಜೂಘಾ ಪಟ್ಟಣದ ನಿವಾಸಿಗಳನ್ನು 1604–05ರಲ್ಲಿ ಪಾರಸಿಕದ ಷಹ ಅಬ್ಬಾಸನು ಇಸ್ಪಹಾನಿಗೆ ಬಲಾತ್ಕಾರದಿಂದ ಸಾಗಿಸಿದನು. ಅಲ್ಲಿ ಅವರು ನೆಲಸಿದ ಸ್ಥಳಕ್ಕೆ ನೋರ್ ಜೂಘಾ, ಅಂದರೆ ಹೊಸ ಜೂಘಾ ಎಂದು ಹೆಸರಾಯಿತು. ಆ ಊರಿನ ವರ್ತಕರು ನಮ್ಮ ದೇಶದ ರೇವುಪಟ್ಟಣಗಳಿಗೂ ಬಂದರು. ಆರ್ಮೇನಿಯನ್ ಭಾಷೆಯ ಮೊಟ್ಟಮೊದಲನೆಯ ಪತ್ರಿಕೆಯಾದ ‘ಅಜ್ದರಾರ್’ 1794ರಲ್ಲಿ ಹೊರಟುದು ನಮ್ಮ ನೆರೆಯ ಮದರಾಸಿನಲ್ಲಿಯೇ. 1830ರಲ್ಲಿ ಬಯಾಜೆತ್ ಪ್ರಾಂತದಿಂದ ವಲಸೆ ಬಂದವರು ಸೆವಾನಿನ ಬಳಿ ನೋರ್ ಬಯಾಜೆತ್ ಎಂಬ ಊರನ್ನು ಕಟ್ಟಿದರು. 1915ರಲ್ಲಿ ತುರ್ಕಿಯ ಪ್ರಭುತ್ವವು ನಡಸಿದ ಮಹಾಸಂಹಾರದಲ್ಲಿ ಉಳಿದುಬಂದವರು ಎರೆವಾನಿನ ಸುತ್ತಮುತ್ತ ನೋರ್ ಖರ್ಬೆರ್ದ್, ನೋರ್ ಅರಬ್ಕೀರ್, ನೋರ್ ಮಲಾತಿಯಾ ಎಂಬ ನೆಲೆಗಳನ್ನು ಮಾಡಿಕೊಂಡರು. ಅವರು ಕಳೆದುಕೊಂಡ ಊರುಗಳ ಪಟ್ಟಿಯು ‘ನೋರ್’ ಎಂಬ ಪೂರ್ವಪದದ ಹಿಂದೆ ಇಂದಿಗೂ ಉಳಿದಿರುವುದು.

ಇನ್ನು ಹೆಸರುಗಳನ್ನು ಅಳಿಸಿದ ವೃತ್ತಾಂತ. ಇದನ್ನು ಪಕ್ಷಪಾತವಿಲ್ಲದೆ ಹೇಳಬೇಕು. ಇಪ್ಪತ್ತನೆಯ ಶತಮಾನದಲ್ಲಿ ತುರ್ಕಿಯ ಸರ್ಕಾರವು 12,000ಕ್ಕೂ ಮಿಕ್ಕ ಗ್ರಾಮಗಳ ಹೆಸರುಗಳನ್ನು ಬದಲಾಯಿಸಿತು. ಆರ್ಮೇನಿಯನ್, ಗ್ರೀಕ್, ಕುರ್ದಿ ಹೆಸರುಗಳು ಅವುಗಳಲ್ಲಿ ಹೇರಳವಾಗಿದ್ದುವು. ಜೂಘಾದ ಹಳೆಯ ಸ್ಮಶಾನದಲ್ಲಿದ್ದ ಸಾವಿರಾರು ಕೆತ್ತನೆಯ ಶಿಲುಬೆಗಲ್ಲುಗಳು ಅಜರ್ಬೈಜಾನಿನ ಆಡಳಿತದಲ್ಲಿ 1998ರಿಂದ 2005ರೊಳಗೆ ನಿರ್ನಾಮವಾದುವು. ಇತ್ತ ಸೋವಿಯೆತ್ ಕಾಲದ ಆರ್ಮೇನಿಯಾದಲ್ಲಿಯೂ ನೂರಾರು ಊರುಗಳ ತುರ್ಕಿ ಮೂಲದ ಹೆಸರುಗಳನ್ನು ತೆಗೆದು ಬೇರೆ ಹೆಸರಿಟ್ಟರು. ಹಮಾಮ್ಲು ಎಂಬುದು 1948ರಲ್ಲಿ ಸ್ಪಿತಾಕ್ ಆಯಿತು. ‘ಶ್ವೇತ’ಕ್ಕೆ ಸಂಬಂಧಿಸಿದ ಈ ಸುಂದರನಾಮವುಳ್ಳ ಊರು 1988ರ ಡಿಸೆಂಬರ್ 7ರ ಭೂಕಂಪದಲ್ಲಿ ನೆಲಸಮವಾಯಿತು. ಮೇಲೆ ಹೇಳಿದ ನೋರ್ ಬಯಾಜೆತ್ 1959ರಲ್ಲಿ ಒಬ್ಬ ಕ್ರಾಂತಿಕಾರನ ಸ್ಮರಣಾರ್ಥವಾಗಿ ಕಾಮೋ ಎಂದಾಗಿ, 1990ರ ದಶಕದಲ್ಲಿ ಗವಾರ್ ಎಂದಾಯಿತು. ‘ಗವಾರ್’ ಎಂದರೆ ನಾಡು. ಹೆಸರು ಒಳ್ಳೆಯದೇ, ಆದರೆ ಆ ಊರಿನವರ ಪೂರ್ವಿಕರು ಎಲ್ಲಿಂದ ಬಂದರೆಂಬುದನ್ನು ಅದು ಈಗ ಹೇಳುವುದಿಲ್ಲ.

ಇವೆಲ್ಲಕ್ಕೂ ಭಿನ್ನವಾದ ಒಂದು ಸಂಗತಿಯನ್ನು ಹೇಳಿ ಮುಗಿಸುವೆನು. 1988ರಲ್ಲಿ ಆರ್ಮೇನಿಯರಿಗೂ ಅಜರ್ಬೈಜಾನಿಗಳಿಗೂ ಕಲಹ ಹುಟ್ಟಿ, ಎರಡೂ ಕಡೆಗಳಲ್ಲಿ ಲಕ್ಷಾಂತರ ಜನರು ಮನೆಮಠಗಳನ್ನು ಬಿಟ್ಟು ಓಡಿದರು. ಆಗ ಆರ್ಮೇನಿಯಾದ ಉತ್ತರದಲ್ಲಿ ಅಜರ್ಬೈಜಾನಿಗಳಿದ್ದ ಕಿಜಿಲ್ ಶಫಖ್, ಅಜರ್ಬೈಜಾನಿನಲ್ಲಿ ಆರ್ಮೇನಿಯರಿದ್ದ ಕೆರ್ಕೆಂಜ್ ಎಂಬ ಎರಡು ಹಳ್ಳಿಗಳವರು ತಾವೇ ಕಲೆತು ಮಾತನಾಡಿ, 1989ರಲ್ಲಿ ಊರಿಗೆ ಊರನ್ನೇ ವಿನಿಮಯಮಾಡಿಕೊಂಡರು. ಒಬ್ಬರ ಹಿರಿಯರ ಸಮಾಧಿಗಳನ್ನು ಮತ್ತೊಬ್ಬರು ಕಾಪಾಡತಕ್ಕದ್ದೆಂದು ಪರಸ್ಪರ ಮಾತು ಕೊಟ್ಟರು. ಉಭಯ ಪಕ್ಷದ ಸಂಶೋಧಕರೂ ಸೇರಿ ಈ ವೃತ್ತಾಂತವನ್ನು ಆ ಜನರ ಬಾಯಿಂದಲೇ ಕೇಳಿ ಬರೆದಿಟ್ಟಿರುವರು. ಕಿಜಿಲ್ ಶಫಖ್ ಎಂದರೆ ಕೆಂಪಾದ ಉಷಃಪ್ರಭೆ. ಹೊಸ ನಿವಾಸಿಗಳ ಕಾಲದಲ್ಲಿ ಅದಕ್ಕೆ ಜ್ಯುನಶೋಘ್ ಎಂದು ಹೆಸರಾಯಿತು, ‘ಜ್ಯುನ್’ ಎಂದರೆ ಹಿಮ, ನಮ್ಮ ‘ಹಿಮ’ಕ್ಕೆ ಸೋದರಪದ, ‘ಶೋಘ್’ ಎಂದರೆ ಕಿರಣ. ಭಾಷೆ ಬೇರೆಯಾದರೂ ಆ ಬೆಟ್ಟದೂರಿನ ಬೆಳಕನ್ನು ಇಬ್ಬರೂ ಕಂಡಿದ್ದರು.

ಆದುದರಿಂದ ಚರಿತ್ರಕಾರನು ಹೊಸ ಹೆಸರನ್ನು ಬರೆಯುವಾಗ ಹಳೆಯದನ್ನೂ ಪಕ್ಕದಲ್ಲಿ ಬರೆಯಬೇಕು. ಅದು ಯಾರ ಭಾಷೆಯದು ಎಂದು ನೋಡಬಾರದು. ಒಂದು ಶಾಸನದ ಮೇಲೆ ಮತ್ತೊಂದನ್ನು ಕೊರೆದರೆ ಎರಡನ್ನೂ ಓದುವುದು ಶಾಸನಜ್ಞನ ಧರ್ಮ. 2023ರ ಸೆಪ್ಟೆಂಬರಿನಲ್ಲಿ ಕರಬಾಖ್ ಪ್ರಾಂತದಿಂದ 1,00,000ಕ್ಕೂ ಹೆಚ್ಚು ಆರ್ಮೇನಿಯರು ಕೆಲವೇ ದಿನಗಳಲ್ಲಿ ಹಳ್ಳಿಗಳನ್ನು ತೊರೆದು ಬಂದರು. ಅವರು ಬಿಟ್ಟುಬಂದ ಊರುಗಳ ಹೆಸರುಗಳನ್ನು, ಅವುಗಳನ್ನು ಆಡುವ ಬಾಯಿಗಳಿರುವಾಗಲೇ, ಬರೆದಿಡಬೇಕು. ನಿವಾಸವೆಂಬ ಕ್ಷಯವು ನಾಶವೆಂಬ ಕ್ಷಯವಾಗಲು ಸ್ವರಭೇದವೊಂದೇ ಸಾಕು. ಎರಡರ ಭೇದವನ್ನು ಗುರುತಿಸಿಡುವುದು ನಮ್ಮಂಥ ಶಬ್ದೋಪಜೀವಿಗಳ ಕೆಲಸವಾಗಿರುವುದು.