ಸೊನ್ನೆಯ ಬೆಲೆ

ಕಳಸದ ಪ್ರೌಢಶಾಲೆಯಲ್ಲಿ ನನ್ನಲ್ಲಿ ಕಲಿತವರಿಗೆ ನನ್ನ ಕೆಂಪು ಶಾಯಿಯ ಷರಾ ನೆನಪಿರಬಹುದು: 'ಪ್ರಗತಿ ಸಾಲದು'. ಮಾತು ಉಗ್ಗುತ್ತಿದ್ದ ಹುಡುಗನೊಬ್ಬನ ಪ್ರಗತಿಪತ್ರದಲ್ಲಿ ಎರಡು ವರ್ಷವೂ ನಾನು ಇದನ್ನೇ ಬರೆದೆ. ಮೂರನೆಯ ವರ್ಷ, ಕಾಫಿ ಕೊಯ್ಲು ಮುಗಿದ ಮೇಲೆ, ಅವನ ತಾಯಿ ಅವನನ್ನು ವಾಕ್ ಚಿಕಿತ್ಸೆಗೆಂದು ಮೈಸೂರಿಗೆ ಕರೆದೊಯ್ದರು. ಮರಳಿ ಬಂದಾಗ ಆಕೆ ನನಗೊಂದು ನೋಟುಪುಸ್ತಕ ತೋರಿಸಿದರು. ಅದರಲ್ಲಿ 'ಸುಧಾರಿಸಿದ್ದಾನೆ' ಎಂಬ ಮಾತು ಎಲ್ಲಿಯೂ ಇರಲಿಲ್ಲ. 'ಗಟ್ಟಿಯಾಗಿ ಓದಿದ ಹತ್ತು ವಾಕ್ಯಗಳಲ್ಲಿ ಆರನ್ನು ತಡೆಯಿಲ್ಲದೆ ಆರಂಭಿಸಿದ. ಮುಂದಿನ ಗುರಿ ಎಂಟು. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಅಭ್ಯಾಸ' ಎಂದಿತ್ತು.

ಈ ಬರವಣಿಗೆಯ ಹಿಂದೆ ಒಂದು ಚರಿತ್ರೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾಯಿತು. ಅದಾದ ಮೂರೇ ವರ್ಷಗಳಲ್ಲಿ, 1968ರಲ್ಲಿ, ಅಮೆರಿಕದಲ್ಲಿ ಎರಡು ಮುಖ್ಯ ಲೇಖನಗಳು ಪ್ರಕಟವಾದವು. ವೈದ್ಯ ಲಾರೆನ್ಸ್ ವೀಡ್ ರೋಗಿಯ ದಾಖಲೆಯನ್ನು ಸಮಸ್ಯೆಗಳ ಪಟ್ಟಿಯ ಸುತ್ತ ಬರೆಯಬೇಕೆಂದರು. ರೋಗಿ ಹೇಳಿದ್ದು, ವೈದ್ಯ ಕಂಡದ್ದು, ಅದರಿಂದ ತಿಳಿದದ್ದು, ಮುಂದೆ ಮಾಡುವುದು ಎಂಬ ನಾಲ್ಕು ಭಾಗಗಳ ಟಿಪ್ಪಣಿ ಅವರ ಕ್ರಮದಿಂದಲೇ ಬಂದದ್ದು. ಥಾಮಸ್ ಕಿರೆಸುಕ್ ಮತ್ತು ರಾಬರ್ಟ್ ಶರ್ಮನ್ ಅವರು ಮಾನಸಿಕ ಚಿಕಿತ್ಸೆಗೆ ಒಂದು ಗುರಿಮಾಪಕವನ್ನು ರೂಪಿಸಿದರು. ಪ್ರತಿಯೊಬ್ಬರಿಗೂ ಅವರದೇ ಗುರಿ. ಅಳತೆ −2ರಿಂದ +2ರವರೆಗೆ. ನಿರೀಕ್ಷಿಸಿದ ಫಲ ದೊರೆತರೆ ಅಂಕ ಸೊನ್ನೆ! ತರಗತಿಯಲ್ಲಿ ಸೊನ್ನೆ ಕೊಟ್ಟು ಮಕ್ಕಳ ತಲೆ ತಗ್ಗಿಸಿದ ನನಗೆ, ಸೊನ್ನೆಯೆಂದರೆ ಗುರಿ ಮುಟ್ಟಿದಂತೆ ಎಂದು ಓದಿದಾಗ ನಗುವೂ ಬಂತು, ನಾಚಿಕೆಯೂ ಆಯಿತು.

ಗುರಿ ಬರೆಯುವುದು ನಮಗೆ ಹೊಸದೇನಲ್ಲ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಬೋಧನೋದ್ದೇಶಗಳ ವರ್ಗೀಕರಣವನ್ನು ಬಿ.ಎಡ್. ತರಗತಿಯಲ್ಲಿ ಉರು ಹೊಡೆದವರು ನಾವು. ಪ್ರತಿ ಪಾಠಯೋಜನೆಯಲ್ಲೂ 'ವಿದ್ಯಾರ್ಥಿಯು ವಿವರಿಸುವನು, ಗುರುತಿಸುವನು' ಎಂದು ಬರೆದೆವು. ಆದರೆ ಆ ಗುರಿಗಳು ಪಾಠಕ್ಕೆ ಸಂದವು. ಎದುರಿಗೆ ಕುಳಿತ ಒಂದು ಮಗುವಿಗೆಂದು ನಾನು ಒಂದನ್ನೂ ಬರೆಯಲಿಲ್ಲ. 'ಸಾಲದು' ಎಂದ ಮೇಲೆ ಎಷ್ಟು ಸಾಲದು, ನಾಳೆ ಏನು ಮಾಡಬೇಕು ಎಂಬುದನ್ನು ಆ ತಾಯಿ ಯಾರಲ್ಲಿ ಕೇಳಬೇಕಿತ್ತು?

ಆ ಹುಡುಗ ಈಗಲೂ ಒಮ್ಮೊಮ್ಮೆ ಉಗ್ಗುತ್ತಾನೆ, ಆದರೆ ಮಾತು ನಿಲ್ಲಿಸುವುದಿಲ್ಲ. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ. ಪ್ರಗತಿಪತ್ರಕ್ಕೆ ಷರಾ ಬರೆಯುವ ಮುನ್ನ ಮಗು ಇಂದು ಮಾಡಿದ್ದೇನು, ಮುಂದಿನ ಹೆಜ್ಜೆ ಯಾವುದು ಎಂದು ಎರಡು ಸಾಲು ಬರೆಯಿರಿ. ನಾನು ಬರೆಯದೆ ಉಳಿಸಿದ ಸಾಲುಗಳು ಅವು.